ಮೋಡಗಾಹಿಯ ಮುಖ

ಅಲ್ಲ ಅಲ್ಲ, ಅಲ್ಲಮ್ಮ! ಮೂಗು ಹಾಗಲ್ಲ. ಆಗ್ಲಿಂದ ಅದನ್ನೇ ಬಡ್ಕೊಳ್ತಿದ್ದೀನಿ. ಅಷ್ಟು ಚೂಪು ಬೇಡ... ಹೂಂ, ಸ್ವಲ್ಪ ಮೊಂಡು ಮಾಡು. ಇನ್ನೂ ಸ್ವಲ್ಪ... ಅಯ್ಯೋ, ಇದೇನಿದು, ಆಲೂಗಡ್ಡೆ! ನಗಬೇಡ. ಅಳಿಸು, ಅಳಿಸು. ನೀನು ನಕ್ಕರೆ ನನಗೂ ನಗು ಬರುತ್ತೆ, ಆಮೇಲೆ ಬಂದ ಕೆಲಸ ಕೆಡುತ್ತೆ.

ಚಿತ್ರದ ಗಂಧಗಾಳಿ ನನಗಿಲ್ಲ, ಒಪ್ಪಿದೆ. ಔಷಧದ ಅಂಗಡೀಲಿ ಆಯಸ್ಸು ಸವೆಸಿದವನು ನಾನು. ಆದ್ರೆ ಡಾಕ್ಟರುಗಳ ಅಕ್ಷರ ಓದಿ ಓದಿ ಪಳಗಿದ ಕಣ್ಣಮ್ಮ ಇದು, ನಿನ್ನ ಗೆರೆ ಎಲ್ಲಿ ತಪ್ಪಿದೆ ಅಂತ ತಿಳಿಯಲ್ವಾ? ಗಿರಾಕಿ ಇಲ್ಲದ ಹೊತ್ತಲ್ಲಿ ಮಾತ್ರೆ ಡಬ್ಬದ ರಟ್ಟಿನ ಮೇಲೆ ಗೀಚಿ ಗೀಚಿ ಮೋಡಗಾಹಿಯ ಕಥೆ ಬರೆದವನು ನಾನೇ ತಾನೆ? ಕುರಿ ಕಾಯೋ ಹಾಗೆ ಮೋಡ ಕಾಯೋ ಹುಡುಗಿ! ನಾನು ಬರೀದೆ ಇದ್ದಿದ್ರೆ ನೀನು ಯಾರ ಚಿತ್ರ ಹಾಕ್ತಿದ್ದೆ? ಅವಳ ಮೂಗು ಹೀಗಿರ್ಲಿ ಅಂತ ಹೇಳೋಷ್ಟು ಹಕ್ಕೂ ನನಗಿಲ್ವಾ?

ಹಾಗೆ ನೋಡ್ಬೇಡ. ಗೊತ್ತು ನನಗೆ. ಪುಸ್ತಕದಲ್ಲಿ ಎಲ್ಲೂ ಅವಳ ಮುಖದ ಮಾತೇ ಇಲ್ವಲ್ಲ, ಅಂತ ತಾನೆ? ಇಲ್ಲ. ಒಂದು ಸಾಲೂ ಇಲ್ಲ. ಅವಳ ಕೋಲು ಎಷ್ಟುದ್ದ, ಯಾವ ಮೋಡಕ್ಕೆ ಏನು ಹೆಸರು, ಗುಡುಗೋ ಮೋಡಾನ ಹೇಗೆ ಗದರಿಸಿ ಸುಮ್ಮನಾಗಿಸ್ತಾಳೆ... ಎಲ್ಲ ಇದೆ. ಮುಖ ಇಲ್ಲ. ಬರೀಬೇಕು ಅಂತ ಅನ್ನಿಸ್ಲೇ ಇಲ್ಲಮ್ಮ. ಕಣ್ಣಿಗೆ ಕಟ್ಟಿದ ಹಾಗೆ ಇರೋದನ್ನ ಯಾರಾದ್ರೂ ಬರ್ಕೊಂಡು ಕೂರ್ತಾರಾ? ಬೆಳಿಗ್ಗೆ ಫೋನಲ್ಲಿ ನನಗೆ ದಾರಿ ಹೇಳಿದೆಯಲ್ಲ, ನಿನ್ನ ಬಾಗಿಲು ಹಸಿರು ಅಂತ ಹೇಳಿದ್ಯಾ? ಇಲ್ಲ. ಯಾಕೆ? ದಿನಾ ನೋಡೋ ಬಾಗಿಲು ಅದು. ಪಕ್ಕದ ಮನೆ ಬೆಲ್ಲು ಒತ್ತಿ ಬೈಸ್ಕೊಂಡು ಬಂದೆ ನಾನು!

ನಿನ್ನ ತಪ್ಪು ಅಂತಲ್ಲ... ಮೊದಲ ಸಲ ನೀನು ಬರೆದ ಆ ಮುಖಪುಟ ನೋಡಿದಾಗ ಕುಣಿದಾಡಿದ್ದೀನಿ. ಆ ಮೂಗು, ಒಂದು ಮೇಲೆ ಒಂದು ಕೆಳಗೆ ಹುಬ್ಬು, ಬಿಚ್ಚಿಹೋದ ಜಡೆ... ಭಾರಿ ಚೂಟಿ ಹುಡುಗಿ, ಯಾರಪ್ಪಾ ಇವಳು, ಅಂದ್ಕೊಂಡೆ. ನಮ್ಮವಳಲ್ಲ. ಇರ್ಲಿ, ಓದೋ ಮಕ್ಕಳಿಗೆ ಒಂದು ಮುಖ ಅಂತ ಬೇಕಲ್ಲ, ಅಂತಲೂ ಅಂದ್ಕೊಂಡೆ.

ಬೇಕಿತ್ತು, ಸಿಕ್ತು. ಎಲ್ಲಿ ನೋಡಿದ್ರೂ ಅವಳೇ! ಬಸ್‌ಸ್ಟಾಪಿನ ಗೋಡೆ ಮೇಲೆ, ಮಕ್ಕಳ ಚೀಲದ ಮೇಲೆ, ನೀರಿನ ಬಾಟ್ಲಿ ಮೇಲೆ. ಶಾಲೆಗೆ ಕರೀತಾರೆ, ಹೋಗಿ ನೋಡಿದ್ರೆ ಬೆಂಚಿನ ತುಂಬ ಒಂದೊಂದು ಜಡೆ ಬಿಚ್ಕೊಂಡು ಕೂತ ಹುಡುಗಿಯರು. ಹುಬ್ಬು ಏರಿಸೋಕೆ ಒದ್ದಾಡ್ತಾ ಇರ್ತಾರೆ, ಪಾಪ, ಎರಡೂ ಒಟ್ಟಿಗೇ ಏರುತ್ತೆ.

ಮೊನ್ನೆ ಲೈಬ್ರರೀಲಿ ಒಂದು ಪುಟ್ಟಿ, ಇಷ್ಟೇ ಇಷ್ಟು, ಪುಸ್ತಕ ಎದೆಗವಚಿಕೊಂಡು ಬಂದ್ಲು. ಅವಳೂ ಮೋಡಗಾಹೀನ ಬರೆದಿದ್ಲು, ನಿನ್ನದನ್ನ ನೋಡ್ಕೊಂಡು. ತೋರಿಸಿದ್ಲು. ನನಗೇನಾಯ್ತೋ... "ಚೆನ್ನಾಗಿದೆ ಪುಟ್ಟೀ, ಆದ್ರೆ ನಿಜವಾಗಿ ಅವಳು ಹೀಗಿರ್ಲಿಲ್ಲ" ಅಂದುಬಿಟ್ಟೆ. ಮುಖ ಕೆಂಪಗಾಯ್ತು ಅದಕ್ಕೆ. ಏನಂತು ಗೊತ್ತಾ? "ನಿಮಗೇನು ಗೊತ್ತು ತಾತ? ನೀವು ಬರೀ ಬರೆದವರು!"

ನಗು, ನಗು. ಅಲ್ಲಿದ್ದವರೆಲ್ಲ ನಕ್ಕರು. ಲೈಬ್ರರಿಯಮ್ಮ ಕಣ್ಣೊರೆಸಿಕೊಂಡು ನಕ್ಕರು. ನಾನೂ ನಕ್ಕೆ. ಬಸ್ಸು ಹತ್ತಿ ಕೂತ ಮೇಲೆ ನಗು ನಿಂತುಹೋಯ್ತು. ಕಥೆಯನ್ನೂ ಬರೀತೀವಿ ಅಂತೀವಿ, ಚಿತ್ರಾನೂ ಬರೀತೀವಿ ಅಂತೀವಿ. ಒಂದೇ ಮಾತು. ಆದ್ರೆ ನಾನು ಬರೆದದ್ದನ್ನ ಕೂತು ಓದಬೇಕಮ್ಮ. ನೀನು ಬರೆದದ್ದು... ಕಂಡುಬಿಡುತ್ತೆ. ಕಂಡಮೇಲೆ ಮುಗೀತು.

ಬೇಜಾರಾಯ್ತಾ? ಇಲ್ವಾ? ಮತ್ಯಾಕೆ ಪೆನ್ಸಿಲ್ ಕೆಳಗಿಟ್ಟೆ? ಎತ್ಕೋ, ಎತ್ಕೋ. ಹೊಸ ಮುದ್ರಣಕ್ಕೆ ಮುಖ ಬದಲಾಗ್ಬೇಕು ಅಂದಾಗ ನಮ್ಮ ಪ್ರಕಾಶಕರು ಕುರ್ಚಿಯಿಂದ ಬೀಳೋದೊಂದು ಬಾಕಿ. "ಆ ಮುಖಾನೇ ಪುಸ್ತಕ, ಸಾರ್" ಅಂತಾರೆ. ನಾನು ಪಟ್ಟು ಬಿಡ್ಲಿಲ್ಲ. ಕಡೆಗೆ, ಆಯ್ತು, ಚಿತ್ರ ಬರೆದವರು ಒಪ್ಪಿದ್ರೆ ನೋಡೋಣ ಅಂದ್ರು. ನೀನು ಒಪ್ಪಲ್ಲ ಅಂತ ಅವರ ಲೆಕ್ಕ. ನೀನು ನೋಡಿದ್ರೆ ಚಹಾ ಕೊಟ್ಟು ಹಾಳೆ ಹಾಸ್ಕೊಂಡು ಕೂತೆ.

ಏನು? ಯಾಕೆ ಹಾಗೆ ದಿಟ್ಟಿಸ್ತಿದ್ದೀಯ?... ಯಾವ ಮಾತು? "ನಿಜವಾಗಿ ಹೀಗಿರ್ಲಿಲ್ಲ" ಅಂದದ್ದಾ? ಅದು ಸುಮ್ಮನೆ... ಮಗು ಹತ್ರ ಏನೋ ಒಂದು... ಇಲ್ಲ. ಸುಮ್ಮನೆ ಅಲ್ಲ.

ಇದ್ದಳಮ್ಮ. ನಮ್ಮಕ್ಕ.

ನಾನಾಗ ಮೋಟುದ್ದ. ಯಾವಾಗ ನೋಡಿದ್ರೂ ಕೆಮ್ಮು, ಜ್ವರ. ಬೀದಿಗೆ ಆಟಕ್ಕೆ ಬಿಡ್ತಿರ್ಲಿಲ್ಲ. ಅಪ್ಪ ಅಮ್ಮ ಇಬ್ಬರೂ ಕೆಲಸಕ್ಕೆ ಹೋದಮೇಲೆ ಅಕ್ಕ ನನ್ನನ್ನ ಸೊಂಟಕ್ಕೇರಿಸಿಕೊಂಡು ತಾರಸಿಗೆ ಹತ್ತೋಳು. ಈ ಕಡೆ ನಾನು, ಆ ಕಡೆ ಒಗೆದ ಬಟ್ಟೆ ಬಕೆಟ್ಟು. ನನ್ನನ್ನ ಚಾಪೆ ಮೇಲೆ ಮಲಗಿಸಿ, ಬಟ್ಟೆ ಹರವ್ತಾ ಹರವ್ತಾ... "ಏಯ್ ಕರಿಯಾ! ಗುಂಪು ಬಿಟ್ಟು ಎಲ್ಲಿಗೆ ಹೊರಟೆ? ಬಾ ಈ ಕಡೆ! ನನ್ನ ತಮ್ಮನಿಗೆ ಬಿಸಿಲು ಬಡೀತಿದೆ, ಕಾಣಲ್ವಾ?" ಅಂತ ಕೋಲು ಬೀಸೋಳು. ಮೋಡ ಬರೋದಮ್ಮ! ನೆರಳು ತಣ್ಣಗೆ ಚಾಪೆ ಮೇಲೆ ಬಂದು ಕೂರೋದು. ಗಾಳಿ ಅಂತೀಯ. ಹೂಂ, ಗಾಳಿಯೇ. ಆದ್ರೆ ಅವಳು ಕೂಗೋ ಹೊತ್ತಿಗೇ ಬೀಸ್ಬೇಕಾ ಅದು?

ಆಮೇಲೆ ಜ್ವರ ನನ್ನನ್ನ ಬಿಟ್ಟು ಅವಳನ್ನ ಹಿಡೀತು. ಆಸ್ಪತ್ರೆಗೆ ಸೇರಿಸಿದ್ರು. ಚಿಕ್ಕ ಮಕ್ಕಳನ್ನ ಒಳಗೆ ಬಿಡಲ್ಲ ಅಂದ್ರು. ಚಿಕ್ಕಪ್ಪನ ಬೆರಳು ಹಿಡ್ಕೊಂಡು ಹೊರಗೆ ನಿಂತೆ. ಅವಳದ್ದು ಯಾವ ಕಿಟಕಿ ಅಂತ ಯಾರೂ ಹೇಳ್ಲಿಲ್ಲ. ಎಲ್ಲ ಕಿಟಕಿಗೂ ಕೈ ಬೀಸಿದೆ... ಯಾರೋ ಒಬ್ಬ ಮುದುಕ ತಿರುಗಿ ಕೈ ಬೀಸಿದ. ಅಷ್ಟೇ. ಅವಳು ಮನೆಗೆ ಬರ್ಲಿಲ್ಲ.

ಫೋಟೋನಾ? ಇದ್ದಿದ್ರೆ ತರ್ತಿರ್ಲಿಲ್ವಾ ತಾಯಿ? ಸ್ಟುಡಿಯೋಗೆ ಹೋಗೋಣ ಹೋಗೋಣ ಅಂತಲೇ ಇದ್ರು. ಹೊರಟಾಗೆಲ್ಲ ನನಗೆ ಜ್ವರ. ಮನೇಲಿ ಆಮೇಲೆ ಅವಳ ಮಾತೆತ್ತೋ ಹಾಗಿರ್ಲಿಲ್ಲ, ಎತ್ತಿದ್ರೆ ಅಮ್ಮ ಎದ್ದು ಅಡುಗೆಮನೆಗೆ ಹೋಗಿಬಿಡೋರು. ಈಗ ಅಮ್ಮ ಇಲ್ಲ, ಅಪ್ಪ ಇಲ್ಲ, ಚಿಕ್ಕಪ್ಪ ಇಲ್ಲ. ಅವಳನ್ನ ಕಂಡ ಕಣ್ಣು ಅಂತ ಭೂಮಿ ಮೇಲೆ ಉಳಿದದ್ದು ಇವೆರಡೇ.

ಏನು ಮಾಡ್ತಿದ್ದೀಯ? ಹಳೇ ಮುಖಪುಟದ ಚಿತ್ರ ಯಾಕೆ ಕವುಚಿ ಇಟ್ಟೆ?... ಓ. ಹೊಸ ಹಾಳೆ. ನಾನು ಹೇಳ್ತಾ ಹೋದ ಹಾಗೆ ಮೊದಲಿಂದ ಬರೀತೀಯ. ಬಂಗಾರದಂಥ ಹುಡುಗಿ ನೀನು. ಬರ್ಕೋ.

ಕೈ... ಕೈಯೆಲ್ಲ ಬಟ್ಟೆ ಸೋಪಿನ ವಾಸನೆ. ಆಯ್ತಪ್ಪ, ವಾಸನೆ ಬರೆಯೋಕಾಗಲ್ಲ. ಮೊಣಕೈ ಒರಟು, ಎತ್ತಿಕೊಂಡಾಗ ನನ್ನ ಬೆನ್ನಿಗೆ ಒತ್ತೋದು. ಚಪ್ಪಲಿ ಕಿತ್ತಿತ್ತು, ಪಿನ್ನು ಚುಚ್ಚಿದ್ಲು, ಮೆಟ್ಟಿಲು ಹತ್ತುವಾಗ ಟಪ್ ಟಪ್ ಅನ್ನೋದು. ನೀಲಿ ಫ್ರಾಕು. ಜೇಬಿತ್ತು ಅದಕ್ಕೆ, ಜೇಬಿನ ತುಂಬ ಬಟ್ಟೆ ಕ್ಲಿಪ್ಪು. ನನ್ನ ಕಿವಿಗೆ ಸಿಕ್ಕಿಸೋಳು, ರಾಕ್ಷಸಿ! ಧ್ವನಿ ಸ್ವಲ್ಪ ಒಡಕು...

ಮುಖ? ಹಾ, ಅದಕ್ಕೇ ಬರ್ತಿದ್ದೀನಿ. ಅವಸರ ಮಾಡ್ಬೇಡ. ಹಣೆ... ಅಗಲ ಹಣೆ. ಅಂದ್ರೆ, ತೀರಾ ಅಗಲ ಅಲ್ಲ. ಹುಬ್ಬು ಒಂದು ಮೇಲೆ, ಒಂದು... ಅಲ್ಲ, ಅದು ನಿಂದು. ಬಿಡು ಅದನ್ನ. ಗದ್ದ ಹೀಗೆ ಕೆಳಗೆ ಬಂದು... ಅಯ್ಯೋ, ಇದೂ ನಿಂದೇ. ತಡಿ. ತಡಿ ತಡಿ. ಕಣ್ಣು ಮುಚ್ಕೊಂಡು ಹೇಳ್ತೀನಿ. ತಾರಸಿ ಇದೆ. ಚಾಪೆ ಇದೆ. ಹಗ್ಗದ ಮೇಲೆ ಅಪ್ಪನ ಅಂಗಿ, ತೋಳು ಕೆಳಗಾಗಿ ನೇತಾಡ್ತಿದೆ. ಅಕ್ಕ ಕೋಲು ಹಿಡ್ಕೊಂಡು ನಿಂತಿದ್ದಾಳೆ, ಬೆನ್ನು ಈ ಕಡೆ. ಅಕ್ಕಾ, ಅಂತೀನಿ. ಏನೋ, ಅಂತಾಳೆ. ಅವಳದ್ದೇ ಧ್ವನಿ. ತಿರುಗ್ತಾಳೆ...

ತಿರುಗಿದವಳು ನಿನ್ನವಳು.

ಇಲ್ಲ, ಇನ್ನೊಂದ್ಸಲ. ಬಸ್ಸಲ್ಲಿ ಬರುವಾಗ್ಲೂ ಹೀಗೇ ಆಯ್ತು. ದಿನಾ ಹೀಗೇ... ಅಲ್ಲ, ದಿನಾ ಅಂತಲ್ಲ. ಆಯಾಸಕ್ಕೆ ಹಾಗಾಗುತ್ತೆ. ನೀನು ಏನಾದ್ರೂ ಕೇಳಮ್ಮ. ಮೂಗು ಉದ್ದವಾ ಗಿಡ್ಡವಾ ಅಂತಾದ್ರೂ ಕೇಳು. ಪೆನ್ಸಿಲ್ ಹಿಡ್ಕೊಂಡು ಹೀಗೆ ಸುಮ್ಮನೆ ಕೂತ್ರೆ ನಾನೇನು ಹೇಳ್ಲಿ? ಕೇಳು. ಆಗ್ಲಿಂದ ಅಷ್ಟು ನಗ್ತಿದ್ದವಳು...

ಯಾಕೆ ಕೇಳ್ತಿಲ್ಲ?

ಓ.

ಗೊತ್ತಾಗಿದೆ ನಿನಗೆ. ಅದಕ್ಕೇ ಕೇಳ್ತಿಲ್ಲ. ಯಾವಾಗ ಗೊತ್ತಾಯ್ತು? ಮೂಗು ಚೂಪು ಅಲ್ಲ, ಮೊಂಡೂ ಅಲ್ಲ ಅಂದಾಗ್ಲೇನಾ?... ಇಲ್ಲಮ್ಮ, ಅವಳ ಮುಖ ನನ್ನ ಹತ್ರ ಇಲ್ಲ. ಯಾವತ್ತು ಹೋಯ್ತು ಅಂತಲೂ ತಿಳೀಲಿಲ್ಲ. ನೀನು ಏನೋ ಒಂದು ಬರೆದ್ರೆ ಅಲ್ಲೇ ಎಲ್ಲೋ ಸಿಗ್ತಾಳೆ, ಹಾ, ಇದೇ ಇದೇ ಅಂತ ಕೂಗ್ತೀನಿ ಅಂದ್ಕೊಂಡು ಬಂದೆ.

ಪೆನ್ಸಿಲ್ ಇಟ್ಟುಬಿಡು. ಪ್ರಕಾಶಕರಿಗೆ ಏನೂ ಬದಲಾಯಿಸೋದು ಬೇಡ ಅಂತ ನಾನೇ ಹೇಳ್ತೀನಿ... ಕೈ ಬಿಡಮ್ಮ, ಪರವಾಗಿಲ್ಲ, ನಾನು ಚೆನ್ನಾಗೇ ಇದ್ದೀನಿ. ಆ ಕವುಚಿಟ್ಟಿದ್ದನ್ನ ಸ್ವಲ್ಪ ಈ ಕಡೆ ತಿರುಗಿಸು.

ನೋಡ್ತೀನಿ.