ಆರನೇ ಪ್ರಶ್ನೆ

ಅಂತರರಾಷ್ಟ್ರೀಯ ಪಂದ್ಯಾವಳಿ ನಡೆಯುವ ಮೂವತ್ತೆರಡು ದಿನಗಳ ಮಟ್ಟಿಗೆ ನಮ್ಮ ನಗರದಲ್ಲಿ ವೇಶ್ಯಾವೃತ್ತಿಗೆ ಪರವಾನಗಿ ಕೊಡುತ್ತಿದ್ದರು. ನಾನು ಅಂಗಡಿಯ ಪರವಾನಗಿ ನವೀಕರಿಸಲು ಅದೇ ಕಚೇರಿಗೆ ಹೋಗಿದ್ದೆ. ಸಾಲಿನಲ್ಲಿ ನನ್ನ ಮುಂದೆ ಇಬ್ಬರು ಹೆಂಗಸರಿದ್ದರು. ಅರ್ಜಿ ಕಿರಿಯವಳ ಕೈಯಲ್ಲಿತ್ತು.

“ಅಕ್ಕಾ, ಆರನೇ ಪ್ರಶ್ನೆ ನೋಡು. ‘ಈ ಹಿಂದೆ ಈ ವೃತ್ತಿಯಲ್ಲಿ ಇದ್ದಿರಾ?’ ಏನು ಬರೀಲಿ?”

“ಇಲ್ಲ ಅಂತ ಬರಿ. ಮೊನ್ನೆವರೆಗೂ ಅದು ಅಪರಾಧ ತಾನೆ? ಹೌದು ಅಂದ್ರೆ ನೀನೇ ತಪ್ಪು ಒಪ್ಪಿಕೊಂಡ ಹಾಗೆ.”

“ಹೊಸಬರಿಗೆ ಕೊಡಲ್ಲ ಅಂತ ಕೆಳಗೆ ಹಾಕಿದಾರಲ್ಲ!”

“ಹಾಗಾದ್ರೆ ಹೌದು ಅಂತ ಬರಿ.”

“ಮೂವತ್ತಮೂರನೇ ದಿನ ಏನು ಗತಿ?”

“ಏನಿಲ್ಲ, ಪೊಲೀಸರ ಕೈಲಿ ನಮ್ಮ ಪಟ್ಟಿ ಇರುತ್ತೆ. ಪಾಪ, ಮನೆ ಹುಡುಕೋ ಕಷ್ಟ ತಪ್ಪುತ್ತೆ ಅವರಿಗೆ.”

“ನಗಬೇಡ ಅಕ್ಕಾ. ಪರವಾನಗಿ ಇದ್ರೆ ಹೊಡೆದವನ ಮೇಲೆ ದೂರು ಕೊಡಬಹುದಂತೆ. ಹೋದ ತಿಂಗಳು ಒಬ್ಬ ಗಿರಾಕಿ ನನ್ನ ಹಲ್ಲು ಮುರಿದಾಗ ಯಾರ ಹತ್ರ ಹೇಳ್ಕೊಂಡೆ?”

“ಅದೂ ನಿಜ. ನನಗಂತೂ ತಲೆಬುಡ ತಿಳೀತಿಲ್ಲ ಕಣೆ.”

ಅವರ ಸರದಿ ಬಂತು. ಗುಮಾಸ್ತ ಅರ್ಜಿ ನೋಡಿದ.

“ಆರನೇದು ಖಾಲಿ ಬಿಟ್ಟಿದ್ದೀರಲ್ಲಮ್ಮ?”

“ಏನು ಬರೀಬೇಕು ಅಂತ ನೀವೇ ಹೇಳಿ ಸಾರ್.”

ಅವನು ಎರಡು ಸಲ ಓದಿಕೊಂಡ. “ನನಗೂ ಗೊತ್ತಿಲ್ಲ. ಎರಡನೇ ಮಹಡೀಲಿ ಕೇಳ್ಕೊಂಡು ಬನ್ನಿ.”

“ಅಲ್ಲಿ ಯಾರಿದ್ದಾರೆ?”

“ಪೊಲೀಸ್ ವಿಭಾಗ.”

ಇಬ್ಬರೂ ಮೆಟ್ಟಿಲಿನವರೆಗೆ ಒಟ್ಟಿಗೆ ಹೋದರು. ಹಿರಿಯಳು ಬೀದಿ ಬಾಗಿಲ ಕಡೆ ತಿರುಗಿದಳು. ಕಿರಿಯವಳು ಒಂದು ಗಳಿಗೆ ನಿಂತು, ಅರ್ಜಿ ಮಡಚಿಕೊಂಡು ಮೆಟ್ಟಿಲು ಹತ್ತಿದಳು.