ನಲ್ಲಿಗೆ ನೇತುಹಾಕಿದ ಟೋಪಿ

ಆ ಬಾವಿ ಹತ್ತಿರ ನಿಲ್ಲಬೇಡ ಕಣೇ ಲಿದಾ, ಈ ಕಡೆ ಬಾ. ಮೆಲ್ಲಗೆ ಮಾತಾಡು... ಇದು ಹಳೇ ಬೀರು ಕಾರ್ಖಾನೆಯ ಅಂಗಳ, ಕುಡಿಯೋ ಬೀರು. ಮನೆಗೆ ಹತ್ತಿರದ ದಾರಿ ಅಂತ ಕರ್ಕೊಂಡು ಬಂದೆ, ನನ್ನ ಬುದ್ಧಿಗಿಷ್ಟು. ಬಂದಾಯ್ತಲ್ಲ, ನಡೀತಾ ಹೇಳ್ತೀನಿ. ನಗೋದಾದ್ರೆ ಈಗಲೇ ನಕ್ಕು ಮುಗಿಸು.

ಈ ಕಟ್ಟಡ ಏನೇನೋ ಆಗಿಹೋಯ್ತು. ಯುದ್ಧದಲ್ಲಿ ಬೀರು ಮಾಡೋದು ನಿಂತಿತು. ಆಮೇಲೆ ಸರ್ಕಾರದವರು ಆಲೂಗಡ್ಡೆ ತುಂಬಿದರು, ಆಮೇಲೆ ಟೈರು, ಕೊನೆಗೆ ಬರೀ ಪಾರಿವಾಳ. ನೆಲಮಾಳಿಗೆಯ ದೊಡ್ಡ ಪೀಪಾಯಿಯನ್ನ ಮಾತ್ರ ಯಾರೂ ಅಲ್ಲಾಡಿಸಲಿಲ್ಲ. ಓಕ್ ಮರದ್ದು, ಒಳಗೆ ಆಳು ಎದ್ದು ನಿಂತು ಓಡಾಡಬಹುದು. ಕೆಳಗಡೆ ತೆವಳಿ ಹೋಗೋಕೆ ಒಂದು ಪುಟ್ಟ ಬಾಗಿಲು.

ಹಿಂದೆ ಅದನ್ನ ತೊಳೆಯೋನು ಒಳಗೆ ಹೋಗುವಾಗ ತನ್ನ ಟೋಪೀನ ಪೀಪಾಯಿಯ ನಲ್ಲಿಗೆ ನೇತುಹಾಕಬೇಕಿತ್ತು. ಟೋಪಿ ಇದ್ರೆ ಒಳಗೆ ಆಳಿದ್ದಾನೆ. ಇಲ್ಲ ಅಂದ್ರೆ ಬಾಗಿಲು ಬಿಗಿದು ತುಂಬು, ಅಷ್ಟೇ. ಪ್ರೊಕೋಪ್ ಅನ್ನೋನು ಒಳಗಿದ್ದಾಗ ಯಾವನೋ ತಮಾಷೆಗೆ ಅವನ ಟೋಪಿ ಹಾಕ್ಕೊಂಡು ಊಟಕ್ಕೆ ಹೋದ. ಬೇರೆಯವರು ಬಂದರು, ನೋಡಿದರು, ಟೋಪಿ ಇಲ್ಲ... ಬಿಗಿದು ಬೀರು ತುಂಬಿದರು. ಆ ಬೀರು ಇಡೀ ಕೇರಿ ಕುಡೀತಂತೆ. ನಮ್ಮಜ್ಜ ಮಾತ್ರ ತಾನು ಕುಡಿದಿಲ್ಲ ಅಂತ ಸಾಯೋವರೆಗೂ ಆಣೆ ಇಡ್ತಿದ್ದ.

ಹೋದ ಚಳಿಗಾಲ ಯಾರೋ ಕಟ್ಟಡ ಕೊಂಡು, ಮತ್ತೆ ಬೀರು ಮಾಡ್ತೀವಿ ಅಂದರು. ಪೀಪಾಯಿ ರಿಪೇರಿ ಸಿಕ್ಕಿದ್ದು ನಮ್ಮ ದೊಡ್ಡಮ್ಮನ ಮಗ ರಾದಿಮ್‌ಗೆ. ಬಡಗಿ ಅವನು. ಜೊತೆಗೆ ನನ್ನ ಗಂಡ ಲುಬೋಶ್. ಒಣಗಿ ಬಿರುಕು ಬಿಟ್ಟ ಮರಕ್ಕೆ ನೀರು ತುಂಬಿದರೆ ಉಬ್ಬಿ ಕೂಡಿಕೊಳ್ಳುತ್ತೆ. ಅದಕ್ಕೆ ಮುಂಚೆ ಒಳಗೆ ಹೋಗಿ ನೋಡಬೇಕು. ಲುಬೋಶ್ ಪೈಪು ತರೋಕೆ ಮೇಲೆ ಹೋದ. ರಾದಿಮ್ ಹಳೇ ಪದ್ಧತಿಯಂತೆ ಟೋಪಿ ನೇತುಹಾಕಿ ಒಳಗೆ ತೆವಳಿದ.

ಸ್ವಲ್ಪ ಹೊತ್ತಿಗೆ ಟಾರ್ಚು ಆರಿತು. ತಟ್ಟಿದ, ಕುಟ್ಟಿದ, ಹತ್ತಲಿಲ್ಲ. ಆಗ... ಬೆನ್ನ ಹಿಂದೆ ಯಾರೋ ಪಿಸುಗುಟ್ಟಿದರು.

"ಟೋಪಿ ನೇತುಹಾಕಿದ್ಯಾ?"

ಲುಬೋಶನೇ ಆಟ ಆಡ್ತಿದ್ದಾನೆ ಅಂದುಕೊಂಡ ಇವನು. "ಹಾಕಿದ್ದೀನಿ ಕಣೋ, ನಲ್ಲಿಗೆ."

"ನಾನೂ ಹಾಕಿದ್ದೆ..."

ಧಡ್. ಬಾಗಿಲು ಮುಚ್ಚಿತು. ಕಿರ್ರ್... ಕಿರ್ರ್... ತಿರುಪು ಬಿಗಿಯೋ ಸದ್ದು. ಆಮೇಲೆ ಕಾಲಡಿ ಬುಳುಬುಳು, ಬುಳುಬುಳು. ನೀರು.

ರಾದಿಮ್ ಗಂಟಲು ಹರಿಯೋ ಹಾಗೆ ಕೂಗಿದ. ಮುಷ್ಟಿ ದಪ್ಪದ ಮರ, ಹೊರಗೆ ಪಂಪು ಗುರ್ರ್ ಅಂತಿದೆ, ಯಾರಿಗೆ ಕೇಳಿಸಬೇಕು? ಕೊರೆಯೋ ನೀರು ಮೊಣಕಾಲು ದಾಟಿತು. ಸೊಂಟಕ್ಕೆ ಬಂತು. ಹೆಂಡತಿ ಮನೇಲಿ ತುಂಬಿದ ಬಸುರಿ. ಮಗು ಮುಖ ನೋಡದೇ ಹೋಗ್ತೀನಲ್ಲ ಅಂತ ಒಳಗೇ ಅತ್ತನಂತೆ, ನನ್ನ ಹತ್ತಿರಾನೇ ಹೇಳಿದ. ಸುತ್ತಿಗೆ ಹಿಡಿದು ಬಡಿದ, ಟಕ್ ಟಕ್ ಟಕ್. ಪಕ್ಕದಲ್ಲಿ ಇನ್ನೊಂದು ಸದ್ದು ಶುರುವಾಯ್ತು. ನಿಧಾನಕ್ಕೆ... ಡಬ್... ಡಬ್... ಬರೀ ಕೈಯಿಂದ ಗುದ್ದಿದ ಹಾಗೆ.

ಹೊರಗೆ ನಮ್ಮ ಲುಬೋಶ್ ಆರಾಮಾಗಿ ನಿಂತಿದ್ದ. ಪೈಪು ತಂದಾಗ ನಲ್ಲಿಗೆ ಟೋಪಿ ಇರಲಿಲ್ಲವಂತೆ, ಅದಕ್ಕೇ ಬಿಗಿದುಬಿಟ್ಟನಂತೆ. ಇತ್ತು ಅಂತ ರಾದಿಮ್, ಇಲ್ಲ ಅಂತ ಇವನು, ಇವತ್ತಿಗೂ ಕಿತ್ತಾಡ್ತಾರೆ. ಲುಬೋಶ್‌ಗೆ ಸುತ್ತಿಗೆ ಸದ್ದು ಕೇಳಿಸಲಿಲ್ಲ. ಕೇಳಿಸಿದ್ದು ಡಬ್... ಡಬ್... ಅನ್ನೋದು. ಎದ್ದುಬಿದ್ದು ಪಂಪು ನಿಲ್ಲಿಸಿದ, ನೀರು ಬಸಿದ, ತಿರುಪು ಬಿಚ್ಚಿ ಕತ್ತಲೆಗೆ ತೋಳು ಚಾಚಿದ.

ಒಂದು ಕೈ ಗಟ್ಟಿಯಾಗಿ ಹಿಡಕೊಂಡಿತು. ಎಳೆದ. ಏನೋ ಭಾರ ಹೊರಗೆ ಬಂತು... ಅವನ ಭುಜಕ್ಕೆ ಒರಗಿತು... ದಾಟಿ ಹೋಯ್ತು. ತಿರುಗಿ ನೋಡ್ತಾನೆ, ಯಾರೂ ಇಲ್ಲ. ಆಗ ಪೀಪಾಯಿಯ ಆ ತುದಿಯಿಂದ ರಾದಿಮ್ ದನಿ ಬಂತು.

"ಲುಬೋಶ್... ಎಲ್ಲಿದ್ದೀಯೋ? ಕೈ ಕೊಡೋ..."

ರಾದಿಮ್ ಬದುಕಿದ, ಮಗಳನ್ನ ಎತ್ತಿ ಆಡಿಸಿದ, ಅದಿರಲಿ. ಆ ಸಂಜೆ ಲುಬೋಶ್ ಮನೆಗೆ ಬಂದಾಗ ಕುಡಿದು ಬಂದಿದ್ದೀಯಾ ಅಂತ ಬಾಯಿಗೆ ಬಂದ ಹಾಗೆ ಬೈದೆ. ಮೂಸಿದೆ. ಬಾಯಲ್ಲಿ ವಾಸನೆ ಇಲ್ಲ, ತೋಳಲ್ಲಿ ಇದೆ. ಕಾರ್ಖಾನೆಯಲ್ಲಿ ಆಗಿನ್ನೂ ಒಂದು ತೊಟ್ಟು ಬೀರೂ ಆಗಿರಲಿಲ್ಲ ಕಣೇ. ಯಾರೋ ಹೇಳಿದ್ದಲ್ಲ ಇದು, ನಾನೇ ಒರೆಸಿದ್ದು, ಈ ಕೈಯಿಂದ. ಭುಜದಿಂದ ಮಣಿಕಟ್ಟಿನವರೆಗೂ ಹೊಸ ಬೀರಿನ ನೊರೆ... ಇನ್ನೂ ಚಿಟಚಿಟ ಅಂತಿತ್ತು.