ನಾಲ್ಕು ಸಲ ಮಾಡುವ ಲೆಕ್ಕ

ಹಲಗೂರು ಬಸ್‌ಸ್ಟಾಂಡಿನಲ್ಲಿ ಅಂಕಮ್ಮನ ಪಕ್ಕ ಕೂತ ಸರ್ಕಾರಿ ಕಾಲೇಜಿನ ಇಬ್ಬರು ಹುಡುಗಿಯರಿಗೆ ನಾಳೆ ಸಿಇಟಿ ಗಣಿತ.

"ಸಮಾಕಲನ ಒಂಚೂರೂ ಬರಾಕಿಲ್ಲ ಕಣೇ ಸಿಂಧು. ಇಂಜಿನಿಯರಿಂಗ್ ಸೀಟು ಸಿಗ್ದಿದ್ರೆ ನಮ್ಮಪ್ಪ ಗಾರ್ಮೆಂಟ್ಸಿಗೆ ಹಾಕ್ತದೆ."

ಅಂಕಮ್ಮ ಎಲೆಯಡಿಕೆ ಅಗಿಯುವುದನ್ನು ನಿಲ್ಲಿಸಿ ಕಿವಿಗೊಟ್ಟಳು. ಸಿಂಧು ಅಂದಳು:

"ಅದ್ರ ಉಲ್ಟಾ ಅವಕಲನ ಬತ್ತದಲ್ಲ ನಯನ? ಕೊಟ್ಟಿರೋ ನಾಕು ಉತ್ರನೂ ಅವಕಲನ ಮಾಡು. ಯಾವುದು ತಿರುಗಿ ಪ್ರಶ್ನೆಗೇ ಬತ್ತದೋ ಅದೇ ಸರಿ."

"ಯಾರೇ ಹೇಳ್ಕೊಟ್ಟೋರು?"

"ಯಾರವ್ರೆ ಹೇಳ್ಕೊಡಕ್ಕೆ? ಅತಿಥಿ ಮೇಷ್ಟ್ರನ್ನ ಅರ್ಧ ವರ್ಸಕ್ಕೇ ಮನೆಗೆ ಕಳಿಸ್ಬುಟ್ರಲ್ಲ. ಬೇರೆ ದಾರಿ ಇಲ್ದೆ ನಾನೇ ಕಂಡ್ಕಂಡೆ."

"ನಿಮಿಷಕ್ಕೊಂದು ಲೆಕ್ಕ ಲೇ! ಮಂಡ್ಯದ ಕೋಚಿಂಗ್‌ನೋರು ಒಂದ್ಸಲ ಮಾಡಿದ್ರೆ ನಾವು ನಾಕ್ ಸಲ ಮಾಡ್ಬೇಕಾ?"

"ಊಂ ಕಣೇ. ನಾಕ್ ಸಲ."

ತುಂಬಿದ ಬಸ್ಸು ಬಂತು. ಫುಟ್‌ಬೋರ್ಡಿನಲ್ಲಿ ಜೋತುಬಿದ್ದ ನಯನಳ ದನಿ ಅಂಕಮ್ಮನಿಗೆ ಕೇಳಿಸಿತು: "ಮೊದಲ್ನೇ ಉತ್ರ ಹೇಳೇ, ಬಿರ್ರನೆ!"